ಎಡಗಡೆಯ ಪುಟ

ಹತ್ತು ಗಂಟೆ ನಾಲ್ಕು ನಿಮಿಷ. ರೇಷನ್ ಅಂಗಡಿ,
ಶಹಾಬಾದಿನ ಹೊರಗೆ, ಪರಸಿ ಗುಡ್ಡೆಗಳ ಹಿಂದಿನ ಓಣಿ.
ಸಾಲಿನಲ್ಲಿ ಇಪ್ಪತ್ತೇಳು ಜನ ಎಂದು ಬರೆದೆ.
ಹೊಡೆದು ಹಾಕಿದೆ.
ಜನ ಹದಿನಾರು. ಉಳಿದದ್ದು
ಜನರ ಪರವಾಗಿ ಪಾಳಿ ಹಿಡಿದ ಒಂಬತ್ತು ಚೀಲ,
ಒಂದು ಎಡಗಾಲ ಚಪ್ಪಲಿ, ಒಂದು ಕಲ್ಲಿನ ಚೂರು.
ಆ ಕಲ್ಲು ಯಾರದೆಂದು ಇಡೀ ಸಾಲಿಗೆ ಗೊತ್ತು.
ನನಗೊಬ್ಬಳಿಗೇ ಗೊತ್ತಿಲ್ಲ.

ನೋಟ್‌ಬುಕ್ಕಿನ ನಡುವೆ ಮೇಡಂ ಗೆರೆ ಎಳೆದು ಕೊಟ್ಟಿದ್ದರು:
ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು.
ದಾಟಿಸಬೇಡ, ಅಂದಿದ್ದರು,
ಹಸಿ ಕೈ ಉಪ್ಪಿನಕಾಯಿ ಭರಣಿಗೆ ಹಾಕಬೇಡ ಎಂದು
ಅವ್ವ ಗದರುವ ದನಿಯಲ್ಲಿ.

ಹತ್ತು ಇಪ್ಪತ್ತು. ರಾಚಮ್ಮ. ಖಣಿ ಕೆಲಸ.
ವಯಸ್ಸು ಆಕೆ ಹೇಳಿದ್ದು ನಲವತ್ತು, ಕಾರ್ಡಿನಲ್ಲಿ ಐವತ್ತೊಂದು.
ಎರಡನ್ನೂ ಬರೆದೆ.
ಮಿಷನ್ನಿನ ಮೇಲೆ ಹೆಬ್ಬೆರಳು. ಕೆಂಪು ದೀಪ.
ಮತ್ತೆ ಹೆಬ್ಬೆರಳು. ಕೆಂಪು.
ಮೂವತ್ತು ವರ್ಷ ಪರಸಿ ಹೊತ್ತು ಸವೆದ ಬೆರಳಲ್ಲಿ
ಗೆರೆಗಳೇ ಉಳಿದಿಲ್ಲ...
ಇದು ಬಲಕ್ಕೆ ಹೋಗಬೇಕು. ಮೂವತ್ತು ವರ್ಷ ಅಂದವರು ಯಾರು?
ಅಷ್ಟರಲ್ಲಿ ಪೆನ್ನು ನನ್ನನ್ನು ಕೇಳದೆ
ಅವಮಾನ, ಎಂದು ಬರೆದುಬಿಟ್ಟಿತು,
ಎಡಗಡೆಯ ಪುಟದಲ್ಲೇ.

ತಡಿ.
ಅವಮಾನ ಎಷ್ಟು ಹೊತ್ತು ಇತ್ತು?
ಹೆಗಲಲ್ಲಿ ಕಂಡಿತೋ, ಕುತ್ತಿಗೆಯಲ್ಲೋ?
ಕಂಡದ್ದು ಇಷ್ಟು: ಬೆರಳನ್ನು ಸೆರಗಿಗೆ ಒರೆಸಿದಳು.
ಬಿಸಿ ಚಹಾಕ್ಕೆ ಊದುವಂತೆ ಊದಿದಳು.
ಬೈತಲೆಯ ಎಣ್ಣೆಗೆ ತಿಕ್ಕಿದಳು.
ಸೂರ್ಯಕಾಂತ ಮಿಷನ್ನನ್ನು ತೊಡೆಗೆ ತಟ್ಟಿದ.
ಹಿಂದಿನಿಂದ ಖಾಜಾಬಿ ಕೂಗಿದಳು:
"ಏ ರಾಚೀ, ಮರ್ತು ಗಂಡನ ಹೆಬ್ಬಟ್ಟು ತಂದೀ ಏನು?"
"ಅವಂದೂ ಸವದು ಹೋಗ್ಯದ ತಗೋ!"
ನಕ್ಕವರು ಹದಿನಾಲ್ಕು. ರಾಚಮ್ಮ ಎಲ್ಲರಿಗಿಂತ ಮೊದಲು.

ಎಡಕ್ಕೆ ಬರೆದೆ: ನಕ್ಕಳು.
ಬಲಕ್ಕೆ ಏನೂ ಹೊಳೆಯಲಿಲ್ಲ.

ಅದನ್ನು ಬರೆಯಲು ತಲೆ ತಗ್ಗಿಸಿದ ಹೊತ್ತಿನಲ್ಲೇ
ಹಸಿರು ದೀಪ ಹತ್ತಿ ಆರಿತ್ತು.
ಯಾವ ಬೆರಳಿಗೆ, ನೋಡಲಿಲ್ಲ.
ಎಷ್ಟನೇ ಸಲಕ್ಕೆ, ನೋಡಲಿಲ್ಲ.
ತಲೆಯೆತ್ತಿದಾಗ ಅಕ್ಕಿ ತಕ್ಕಡಿಯಲ್ಲಿತ್ತು.
ಬಂದದ್ದೇ ಅದನ್ನು ನೋಡಲು.

"ಏನ್ ಬರಿಲತ್ತೀ ಯವ್ವಾ?"
ಚೀಲದ ಬಾಯಿ ಕಟ್ಟುತ್ತ ರಾಚಮ್ಮ ಪಕ್ಕಕ್ಕೆ ಬಂದು ಕೂತಳು.
ಮುಚ್ಚಿಡಲು ಮನಸ್ಸಾಗಲಿಲ್ಲ. ಎಡಗಡೆಯದನ್ನು ಓದಿದೆ.
ಸೆರಗಿಗೆ ತಲೆಯಾಡಿಸಿದಳು. ಊದಿದ್ದಕ್ಕೂ ಹೂಂ ಅಂದಳು.
ಎಣ್ಣೆ ಬಂದಾಗ ಕೈ ಅಡ್ಡ ಮಾಡಿದಳು.
"ಎಣ್ಣಿ ಎಲ್ಲಿಂದು? ತಲಿ ತುರಸ್ಲತ್ತಿತ್ತು."

ಹನ್ನೊಂದು ಗಂಟೆ.
ನಾನು ಕಣ್ಣಾರೆ ಕಂಡ ಎಣ್ಣೆಯನ್ನು
ಗೆರೆಯ ಆಚೆಗೆ ಹೊತ್ತು ಹಾಕಿದೆ.

ಕಲಬುರಗಿಗೆ ವಾಪಸಾಗುವ ಬಸ್ಸಿನಲ್ಲಿ ಅಕ್ಷರಗಳು ಕುಣಿದವು.
ನಿದ್ದೆಗೆ ಮೊದಲು ಬಿಡಿಸಿ ಬರೆ, ಅಂದಿದ್ದರು ಮೇಡಂ,
ನಿದ್ದೆ ಎಲ್ಲವನ್ನೂ ಕತೆ ಮಾಡಿಬಿಡುತ್ತದೆ.
ಕೋಣೆಯ ಫ್ಯಾನಿನ ಕೆಳಗೆ ಪುಟ ಒತ್ತಿ ಹಿಡಿದು
ಒಂದೊಂದೇ ಸಾಲನ್ನು ಬಿಡಿಸುತ್ತ ಹೋದೆ.
ಪುಟಗಳ ನಡುವೆ ಬಿಳಿ ಧೂಳು, ಕಲ್ಲಿನದು.
ಮಧ್ಯಾಹ್ನದ ಒಂದು ಸಾಲಿಗೆ ಬಂದು ನಿಂತೆ,
ಬರೆದವಳು ನಾನೇ, ಬರೆದ ನೆನಪಿಲ್ಲ:
"ಸಾಲು ಸರಿದಾಗಲೆಲ್ಲ ಯಾರೋ
ಕಾಲಿನಿಂದ ಆ ಕಲ್ಲನ್ನು ಒಂದು ಗೇಣು ಮುಂದಕ್ಕೆ ನೂಕುತ್ತಾರೆ."

ಒಂದು ಗಂಟೆ ನಲವತ್ತು. ಶಟರ್ ಇಳಿಯಿತು.
ಹೊರಗೆ ಸಾಲಿನಲ್ಲಿ ಕಲ್ಲು ಮೊದಲನೆಯದು.

ನೂಕಿದವರ ಹೆಸರು ಬರೆದುಕೊಂಡಿಲ್ಲ.
ನಾಳೆ ಬೇಗ ಹೋಗಬೇಕು.